ಹೋತದ ಒಪ್ಪಿಗೆ

ಸೇತುವೆ: ಒಂದು. ಪೂರ್ಣಗೊಂಡಿದೆ.
ಹೀಗೆಂದು ಜೂನ್ ವರದಿಯಲ್ಲಿ ಬರೆದವಳು ನಾನೇ.
ನಾರಿನ್ ಸೀಮೆಯ ಆ ಹೊಳೆಗೆ ಉಕ್ಕಿನ ಜಾಲರಿ ಹಾಸಿ,
ಹಣ ಕೊಟ್ಟವರ ಹೆಸರಿನ ಫಲಕ ನೆಟ್ಟು,
ಫೋಟೋ ತೆಗೆದು
ಬಿಷ್ಕೆಕ್‌ಗೆ ಮರಳಿದ್ದೆ.

ಕುರಿಗಳು ದಾಟಲಿಲ್ಲ.

ಮುನ್ನೂರು ಕುರಿ ಅಂಚಿನವರೆಗೆ ಬಂದು
ಗೊರಸಿನ ಕೆಳಗೇ ಬೆಳ್ಳಗೆ ನೊರೆಯುವ ನೀರು ಕಂಡು
ಒಂದರ ಬಾಲಕ್ಕೊಂದು ಮುಖ ಒತ್ತಿ ನಿಂತವಂತೆ.
ನಾವು ಏರಿಗೆಳೆದರೆ ಅವು ನೀರಿಗೆಳೆದವು.
ಹಳೆಯ ಹಾದಿಯಲ್ಲೇ ಹೊಳೆಗಿಳಿದು
ಈ ವರ್ಷವೂ ಹನ್ನೊಂದು ಮರಿ ಕೊಚ್ಚಿಹೋದವು.
ನನ್ನ ತಖ್ತೆಯಲ್ಲಿ ಮರಿಗಳಿಗೆ ಕಾಲಂ ಇರಲಿಲ್ಲ.

ಬುರುಲ್ಚಾಳ ಕಂಬಳಿ ಡೇರೆಯಲ್ಲಿ ಕೂತೆವು ಒಂಬತ್ತು ಜನ.
ನಾನು ತಂದ ಪ್ರಶ್ನೆಗಳ ಹಾಳೆ
ಕುಮಿಸ್ ಬಟ್ಟಲಿನಡಿ ಒದ್ದೆಯಾಗುತ್ತಿತ್ತು.
ಮೊದಲೇ ಯಾಕೆ ಹೇಳಲಿಲ್ಲ, ಅಂದೆ.
'ಎಲ್ಲಿ ಕಟ್ಟಬೇಕೆಂದು ಕೇಳಿದಿರಿ, ಹೇಳಿದೆವು.
ಯಾರು ದಾಟುವವರೆಂದು ಕೇಳಲಿಲ್ಲ,'
ಅಂದ ತುರ್ದುಮಂಬೆತ್, ಬೂಟಿನ ಕೆಸರು ಕೆರೆಯುತ್ತ.
ಎಂಜಿನಿಯರ್ ಮೆದೆರ್ ಮುಖ ಕೆಂಪಗಾಗಿತ್ತು:
ಜಾಲರಿಯಲ್ಲದಿದ್ದರೆ ಹಿಮ ನಿಲ್ಲುತ್ತದೆ,
ಭಾರಕ್ಕೆ ತೊಲೆ ಬಾಗುತ್ತದೆ.
ಅದೂ ಸುಳ್ಳಲ್ಲ.

ಮೊದಲು ಹುಲ್ಲು ಹಾಸಿದೆವು.
ಕುರಿಗಳು ಅದನ್ನು ತಿಂದು ಅಲ್ಲೇ ನಿಂತವು.
ಆಮೇಲೆ ಹಳೆಯ ಕಂಬಳಿ. ರಾತ್ರಿಯ ಗಾಳಿ
ಅದನ್ನು ಹೊತ್ತೊಯ್ದು ಯಾರದೋ ಬೇಲಿಗೆ ಹೊದಿಸಿತು.
ಮೂರನೆಯದು ಮೊಮ್ಮಗಳು ಐಜಿರೆಕ್‌ಳದು,
ಅಲ್ಲಿಯತನಕ ಚಹಾ ಬಗ್ಗಿಸುತ್ತಿದ್ದವಳದು:
ಕಂಬಳಿಯ ಮೇಲೆ ಹಟ್ಟಿಯ ಗೊಬ್ಬರ, ಮಣ್ಣು ಮೆತ್ತೋಣ;
ಅವಕ್ಕೆ ತಮ್ಮದೇ ವಾಸನೆ ಬರಲಿ.
ಹಿಮಕ್ಕೆ ಮುಂಚೆ ಕೆರೆದು ತೆಗೆದರಾಯಿತು,
ಎಂದು ಮೆದೆರ್ ತನ್ನ ಲೆಕ್ಕದ ಪುಸ್ತಕ ಮಡಚಿದ.

ಹಿಂಡಿನ ಮುಂದಾಳು ಒಂದು ಮುದಿ ಹೋತ, ಕೊರಳಲ್ಲಿ ಗಂಟೆ.
ಒಂದು ಗೊರಸಿಟ್ಟಿತು. ತೆಗೆಯಿತು. ಮೂಸಿತು.
ಯಾವ ಸಚಿವರ ಮುಂದೆಯೂ ನಾನು
ಅಷ್ಟು ಕೈಕಟ್ಟಿ ನಿಂತದ್ದಿಲ್ಲ.
ಮತ್ತೆ ಗಂಟೆ ಅಲುಗಿತು,
ಅದರ ಹಿಂದೆ ಉಣ್ಣೆಯ ಹೊಳೆಯೊಂದು
ಹೊಳೆಯ ಮೇಲೆ ಹರಿಯಿತು.

ಮುಖ್ಯ ಕಚೇರಿಯಿಂದ ಪತ್ರ:
ಪೂರ್ಣಗೊಂಡ ಸೇತುವೆಗೆ ಮತ್ತೆ ಖರ್ಚೇಕೆ?
ಬರೆದೆ. ಗೊಬ್ಬರ: ನಾಲ್ಕು ಗಾಡಿ, ಉಚಿತ.
ತಪ್ಪು: ಎರಡು; ಜಾಲರಿಯನ್ನೂ ಸೇರಿಸಿದರೆ ಮೂರು.
ಮರಿಗಳು: ಹನ್ನೊಂದು. ಇದನ್ನು ಯಾವ ಕಾಲಮ್ಮಿಗೆ ಹಾಕಲಿ?

ಉತ್ತರ ಇನ್ನೂ ಬಂದಿಲ್ಲ.
ಅಷ್ಟರಲ್ಲಿ ಪಕ್ಕದ ಕಣಿವೆಗೂ ಒಂದು ಸೇತುವೆ ಮಂಜೂರಾಗಿದೆ.
ಅಲ್ಲಿ ದಾಟುವವು ಯಾಕ್‌ಗಳಂತೆ.
ಯಾಕ್‌ಗಳ ವಿಷಯ ನನಗೇನೂ ಗೊತ್ತಿಲ್ಲ,
ಸದ್ಯಕ್ಕೆ ಇಷ್ಟು ಮಾತ್ರ
ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೇನೆ.