ಮೀಸೆಯಿಲ್ಲದ ಜಟ್ಟಿ

ಲಾಬೆಯ ಬೆಟ್ಟದಿಂದ ಇಳಿದು
ಎರಡು ರಾತ್ರಿ ಲಾರಿಯ ಆಲೂಗಡ್ಡೆ ಮೂಟೆಗಳ ಮೇಲೆ ಮಲಗಿ
ಡಕಾರಿನ ಅಂಚಿಗೆ, ತಿಯಾರೋಯ್‌ಗೆ ಬಂದಾಗ ನನಗೆ ಹನ್ನೆರಡು.
ಸಮುದ್ರ ನೋಡಿ, ಮಲಗಿ ಮೆಲುಕು ಹಾಕುವ ಹಿಂಡು ಅಂದುಕೊಂಡು
ಇದನ್ನು ಕಾಯುವವರು ಯಾರು ಅಂತ ಕೇಳಿದೆ.
ಅದಕ್ಕೇ ಮೊದಲು ನಕ್ಕದ್ದು ಅವರು.

ಸೋದರಮಾವನ ಗೂಡಂಗಡಿಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ.
ಮೀನು ಸುಡುವ ಹಿತ್ತಿಲಿಗೆ ಉಪ್ಪು ಹೊರಲು ಕಳಿಸಿದ.
ವಾರದೊಳಗೆ ಸೈಕೂ ಬಾಲ್ದೆ ಎಂಬ ನನ್ನ ಹೆಸರು ಕಳೆದುಹೋಗಿ
'ಹೊಗೆಮೀನು ಬಂತು, ಮೂಗು ಮುಚ್ಚಿ!'
ಕೂಗುವವನು ಲಾಯ್ ಎನ್‌ದೋಯ್,
ದೋಣಿಯವನ ಮಗ, ಹುಟ್ಟಿನಂಥ ತೋಳಿನವನು.
ನನ್ನ ಮುರುಕು ವೊಲೊಫ್ ಎತ್ತಿ ಆಡಿ
ನೆಲಕ್ಕೆ ಕೆಡವಿ, ಬಾಯಿಗೆ ಮರಳು ತುರುಕಿ
'ಈಗ ಹೇಳು ನಿನ್ನ ಭಾಷೆಯಲ್ಲಿ' ಅನ್ನುತ್ತಿದ್ದ.
ಹಲ್ಲಿನ ನಡುವೆ ಕರಕರ ಅಂದದ್ದಷ್ಟೇ.

ಒದೀಲ್ ದಿಯಾತ್ತಾ ಮೂರನೇ ಒಲೆಯವಳು.
ಅರವತ್ತು ದಾಟಿದವಳು, ಒಂದು ಕಣ್ಣಿಗೆ ಪೊರೆ,
ಕೊರಳಲ್ಲಿ ಶಿಲುಬೆ, ಸೊಂಟದಲ್ಲಿ ಗಂಟು ಕಟ್ಟಿದ ಚಿಲ್ಲರೆ.
ನನ್ನ ಒಡೆದ ತುಟಿ ನೋಡಿ ಏನೂ ಕೇಳಲಿಲ್ಲ.
ಬೂತಾಯಿ ಬುಟ್ಟಿ ಕೆಳಗಿಟ್ಟು
ಸುತ್ತುಬಟ್ಟೆಯನ್ನು ಕಚ್ಚೆ ಹಾಕಿ

'ನನ್ನನ್ನು ಬೀಳಿಸು' ಅಂದಳು.

ನಕ್ಕೆ. ನಕ್ಕ ಬಾಯಿ ಮುಚ್ಚುವ ಮೊದಲೇ
ಆಕಾಶ ಕಂಡಿತು. ಬಗ್ಗಿದವಳ ಶಿಲುಬೆ
ನನ್ನ ಮೂಗಿಗೆ ತಾಗಿ ತೂಗುತ್ತಿತ್ತು.

ಕಾಸಮಾನ್ಸಿನ ಅವಳೂರಿನಲ್ಲಿ ಭತ್ತದ ಕೊಯ್ಲು ಮುಗಿದರೆ
ಹುಡುಗಿಯರೇ ಅಖಾಡಕ್ಕೆ ಇಳಿಯುತ್ತಿದ್ದರಂತೆ.
ಇವಳು ಕೆಡವಿದವಳೇ ಇವಳ ನಾದಿನಿಯಾಗಿ
ನಲವತ್ತು ವರ್ಷ ಒಂದೇ ಅಂಗಳದಲ್ಲಿ
ಅದೇ ಒಂದು ಪಟ್ಟಿನ ಬಗ್ಗೆ ಜಗಳವಂತೆ:
ಕಾಲು ಜಾರಿದ್ದೋ, ಜಾರಿಸಿದ್ದೋ.

ಒಲೆ ಹಚ್ಚುವ ಮೊದಲು, ನಸುಕಿನಲ್ಲಿ ಕಲಿಸಿದಳು.
ಕಲಿಸಿದಳು ಅನ್ನುವುದೂ ದೊಡ್ಡ ಮಾತು;
ಬೈದಳು, ಕೆಮ್ಮಿದಳು, ಕೆಡವಿದಳು, ಮತ್ತೆ ಬೈದಳು.
'ತೋಳು ನೋಡಬೇಡ. ತೋಳು ಊರಿಗೆಲ್ಲ ಹೇಳಿಕೊಂಡು ತಿರುಗುತ್ತದೆ.
ಹಿಮ್ಮಡಿ ನೋಡು. ಏಳುವ ಮೊದಲು ಅದು ಉಸಿರು ಬಿಗಿಹಿಡಿಯುತ್ತದೆ.'
ಮಂಡಿಯ ಹಿಂದೆ ಕೈ ಎಲ್ಲಿಗೆ ಹೋಗಬೇಕೆಂದು
ಬೂದಿಯಲ್ಲಿ ಗುರುತು ಹಾಕಿ ತೋರಿಸಿದಳು
ತನ್ನದೇ ಕಾಲಿನ ಮೇಲೆ, ಉಬ್ಬಿದ ನರಗಳ ನಡುವೆ.
ದಿನಕ್ಕೊಂದು ಕಟ್ಟು ಸೌದೆ ಗುರುದಕ್ಷಿಣೆ.
ಅದರಲ್ಲಿ ಚೌಕಾಸಿ ಇಲ್ಲ.

ಮಳೆಗೆ ಮುಂಚಿನ ಒಂದು ಶುಕ್ರವಾರ, ದೋಣಿಗಳ ನಡುವೆ
ಲಾಯ್ ನನ್ನ ಕತ್ತಿಗೆ ಕೈ ಹಾಕಿದ.
ಹಿಮ್ಮಡಿ ನೋಡಿದೆ.
ಕೈ ಹೋಯಿತು, ಹೋಗಬೇಕಾದಲ್ಲಿಗೆ.
ಅವನ ಒಂದು ಕಾಲು ನನ್ನ ಹತ್ತಿರ ಇತ್ತು.
ಅದು ಇದ್ದಷ್ಟು ಹೊತ್ತು ಯಾರೂ ನಗಲಿಲ್ಲ.
ಆಮೇಲೆ ನಾನೇ ಬಿದ್ದೆ, ಪೂರ್ತಿ ಚಿತ್.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ
ನನಗಿನ್ನೂ ಮೀಸೆ ಬಂದಿರಲಿಲ್ಲ,
ಕಲಿಸಿದವಳಿಗೆ ಬರುವಂತೆಯೂ ಇರಲಿಲ್ಲ.
ಮಲಗಿದಲ್ಲಿಂದಲೇ ಲಾಯ್‌ನನ್ನು ನೋಡಿದೆ:
ಎದೆ, ತೋಳು, ಕುತ್ತಿಗೆ ತುಂಬ
ನನ್ನ ಮೈಯಿಂದ ಹೋದ ಮೀನಿನ ಹುರುಪೆ ಅಂಟಿ
ಬಿಸಿಲಿಗೆ ಮಿನುಗುತ್ತಿತ್ತು.
ಅವನ ಗೆಳೆಯನೊಬ್ಬ ಮೂಗು ಮುಚ್ಚಿದ,
ಅವನ ಕಡೆ ತಿರುಗಿ.

'ಬಿದ್ದೆ' ಅಂದೆ.
'ಸೌದೆ ಎಲ್ಲಿ?' ಅಂದಳು ಒದೀಲ್.

ಮಾರನೆಯ ನಸುಕಿಗೆ ಲಾಯ್ ಬಂದ, ಒಬ್ಬನೇ.
ಬೇಲಿಯಾಚೆ ನಿಂತು ಹೆಬ್ಬೆರಳಿನಿಂದ ಮರಳು ಕೆದಕುತ್ತ
'ಆ ಕಾಲಿನ ಪಟ್ಟು ಯಾರು ಹೇಳಿಕೊಟ್ಟದ್ದು?'
ಇಡೀ ಊರಿನಲ್ಲಿ ನನ್ನದು ಅನ್ನುವಂಥದ್ದು ಅದೊಂದೇ ಇತ್ತು.
'ಯಾರೂ ಇಲ್ಲ' ಅಂದೆ. 'ಇಲ್ಲಿ ಯಾರೂ ಇಲ್ಲ.'

ಆರಿದ ಒಲೆಯ ಮರೆಯಲ್ಲಿ ಕೆಮ್ಮು.
ಸುತ್ತುಬಟ್ಟೆ ಕಚ್ಚೆಯಾಗುವ ಸದ್ದು.
'ನಾಳೆಯಿಂದ ಬರಲಿ.
ಅವನಿಗೆ ಹೇಳು, ಎರಡು ಕಟ್ಟು.'