ಎಡಗಡೆಯ ಪೆಟ್ಟಿಗೆ

ನವೆಂಬರಿನ ಕೊನೆ. ತುರ್ಕುವಿನಲ್ಲಿ
ಮೂರೂವರೆಗೆಲ್ಲ ದೀಪ ಹಾಕುವ ಹೊತ್ತು.
ಚೆಲ್ಲೋ ತನ್ನ ಕೊಟ್ಟಕೊನೆಯ ತಂತಿಗೆ ಇಳಿದಾಗಲೆಲ್ಲ
ಎಡಗಡೆಯ ಪೆಟ್ಟಿಗೆಯೊಳಗೆ
ಬಾಟಲಿಗೆ ಬಿದ್ದ ಕಣಜದ ಹಾಗೆ
ಜೀರ್ ಅನ್ನುತ್ತದೆ ಏನೋ.

‘ಕೇಳಿಸಿತಾ?’ ಅಂದೆ.
‘ಏನು?’ ಅಂದ ತೌನೊ.

ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ
ಉಕ್ಕಿನ ಹೊಟ್ಟೆಯೊಳಗೆ ಕೂತು ಬೆಸುಗೆ ಉಜ್ಜಿದವನು.
ಸಣ್ಣ ದನಿಗಳನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದಾನೆ.
ನೀರು ಕುದಿದು ಕೆಟಲು ಸಿಳ್ಳೆ ಹಾಕಿದರೆ
ನಾನು ಕೈಯಾಡಿಸಿ ತೋರಿಸಬೇಕು.
ಇವನಿಗೆ ಚೆಲ್ಲೋ ಕೇಳುತ್ತದೆ, ಕಣಜ ಕೇಳುವುದಿಲ್ಲ.

ಹಾಗಂತ ರಿಪೇರಿ ನನ್ನ ಪಾಲಿಗೆ ಬಂತೇ? ಇಲ್ಲ.
‘ಔಲಿಕ್ಕಿ, ನೀನು ಕಿವಿ ಕೊಡು,
ಕೈ ನನ್ನದಿರಲಿ’ ಅಂದ.
ಇಷ್ಟು ವರ್ಷ ಅವನ ಮಾತಿಗೆ ಕಿವಿಗೊಟ್ಟವಳು,
ಈಗ ನಿಜವಾಗಿಯೂ ಕೊಟ್ಟೆ,
ಸ್ಟೂಲಿನ ಮೇಲೆ ಕೂತು, ಸಾಲ ಕೊಟ್ಟ ಹಾಗೆ.

ಮೊದಲು ತಂತಿ ಅದಲುಬದಲು.
ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ.
‘ಜಾಗ ಬದಲಿಸಿತಾ?’
‘ಇಲ್ಲ, ಅಲ್ಲೇ ಇದೆ.’
‘ಹಾಗಾದರೆ ಆಂಪ್ಲಿಫೈಯರಿನ ತಪ್ಪಿಲ್ಲ’
ಅಂತ ಅದರ ಬೆನ್ನು ತಟ್ಟಿದ.
ಮೇಲಿದ್ದ ಜೆರೇನಿಯಂ ಕುಂಡ ಇಳಿಸಿದೆವು.
ಕಿಟಕಿಯ ಗಾಜಿಗೆ ಅಂಗೈ ಒತ್ತಿ ಹಿಡಿದೆ, ಥಂಡಿ.
ಮುಂದಿನ ಬಟ್ಟೆಯ ಚೌಕಟ್ಟು ಕಿತ್ತ. ಸ್ಕ್ರೂ ಬಿಗಿದ.
ಕಣಜ ಅಲ್ಲೇ.

ಆಮೇಲೆ ಫೋನಿನಿಂದ ಬರೀ ಸ್ವರ ಹೊರಡಿಸಿದ.
ರಾಗವಿಲ್ಲ ತಾಳವಿಲ್ಲ,
ಸೆಕೆಂಡಿಗೆ ನಲವತ್ತು ಕಂಪನ, ಐವತ್ತು, ಅರವತ್ತು...
ಅರವತ್ತೈದಕ್ಕೆ ನಾನು ಕೈಯೆತ್ತಿದೆ.
ಮೇಲಿನ ಮನೆಯ ಲಿಂಡ್ರೂಸಮ್ಮ ನೆಲ ಗುದ್ದಿದಳು;
ಅದು ಅವನಿಗೂ ಕೇಳಿಸಿತು.

ಮಂಡಿಯೂರಿ, ನಡುಗುವ ಕಾಗದದ ಬಟ್ಟಲ ಅಂಚಿಗೆ
ತೋರುಬೆರಳು ಇಟ್ಟ,
ಮಲಗಿದ ಮಗುವಿನ ಕೆನ್ನೆಗೆ ಇಡುವಷ್ಟೇ ಭಾರ.
‘ಇಲ್ಲಿ?’
ಇಲ್ಲ.
ಒಂದಿಷ್ಟು ಸರಿಸಿ, ‘ಇಲ್ಲಿ?’
ಇಲ್ಲ.
ಗಡಿಯಾರದ ನಾಲ್ಕು ಗಂಟೆ ಇರುವ ಕಡೆ ಬಂದಾಗ
‘ನಿಂತಿತು’ ಅಂದೆ.
ಬೆರಳೆತ್ತಿದ: ಶುರು. ಇಟ್ಟ: ನಿಂತಿತು.
ತಾನು ಕೇಳದ ಸದ್ದನ್ನು
ತನ್ನದೇ ಬೆರಳಡಿ ಹಿಡಿದುಕೊಂಡು
ನನ್ನ ಮುಖವನ್ನೇ ನೋಡುತ್ತ ಕೂತ.

ಸ್ಪಂಜಿನ ಬಳೆ ಕೊಳೆತಿತ್ತು.
ಉಗುರು ತಾಗಿದ್ದೇ ತಡ ಹಳೇ ಕೇಕಿನ ಹಾಗೆ ಉದುರಿತು.

ಹೊಸ ಬಳೆ ತಂಪೆರೆಯಿಂದ ಅಂಚೆಯಲ್ಲಿ ಬಂತು.
ಹತ್ತೊಂಬತ್ತು ಯೂರೊ, ಅಂಟು ಬೇರೆ.
ನಡುವಿನ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿದ.
ಅಯಸ್ಕಾಂತಕ್ಕೂ ಸುರುಳಿಗೂ ನಡುವೆ
ಕೂದಲಿನಷ್ಟು ಸಂದು;
ಅಂಟು ಒಣಗುವ ತನಕ ಸುರುಳಿ ವಾಲದ ಹಾಗೆ
ಅದರೊಳಗೆ ಸುತ್ತಲೂ ಕಾಗದದ ಪಟ್ಟಿ ತುರುಕಿದ.
ಬಿಳಿ, ನಯ, ಸ್ವಲ್ಪ ಗಟ್ಟಿ ಕಾಗದ.
ಎಲ್ಲೋ ನೋಡಿದ್ದೆನಲ್ಲ ಅಂದುಕೊಂಡು
ಫ್ರಿಜ್ಜಿನ ಬಾಗಿಲು ನೋಡಿದೆ.
ಬರೀ ಮ್ಯಾಗ್ನೆಟ್ ಇತ್ತು.

ಕಿವಿ ಆಸ್ಪತ್ರೆಯ ಚೀಟಿ.
ನಾನು ಎರಡು ಸಲ ಫೋನು ಮಾಡಿ,
ಐದು ತಿಂಗಳು ಕಾದು ತರಿಸಿದ್ದು.
‘ಅಷ್ಟು ಸರಿಯಾದ ದಪ್ಪದ್ದು ಮನೆಯಲ್ಲಿ ಬೇರೆ ಸಿಗಲಿಲ್ಲ’
ಅಂದ, ತಲೆಯೆತ್ತದೆ.

ರಾತ್ರಿಯೆಲ್ಲ ಪೆಟ್ಟಿಗೆ ಅಂಗಾತ ಮಲಗಿತ್ತು
ಊಟದ ಮೇಜಿನ ಮೇಲೆ. ನಾವು ನಿಂತೇ ಉಂಡೆವು.

ಬೆಳಿಗ್ಗೆ ಪಟ್ಟಿಗಳನ್ನು ಒಂದೊಂದಾಗಿ ಎಳೆದ,
ಮುಚ್ಚಳ ಅಂಟಿಸಿದ, ಸಂಜೆ ಚೆಲ್ಲೋ ಹಾಕಿದ.
ಇಳಿಯಿತು, ಇನ್ನೂ ಇಳಿಯಿತು,
ಕೊಟ್ಟಕೊನೆಯ ತಂತಿಯಲ್ಲಿ ನಿಂತು
ಕೋಣೆಯ ತುಂಬ ಉಸಿರು ಬಿಟ್ಟಿತು.
‘ಹೋಯಿತಾ?’ ಅಂದ.
ಹೋಯಿತು ಅಂತ ತಲೆಯಾಡಿಸಿದೆ.
ನಂಬಿದ. ನಂಬದೆ ಬೇರೆ ದಾರಿ ಏನಿದೆ ಅವನಿಗೆ?

ಪಟ್ಟಿಗಳನ್ನು ಕಸಕ್ಕೆ ಹಾಕಲು ಬಿಡಲಿಲ್ಲ ನಾನು.
ಮೇಜಿನ ಮೇಲೆ ಜೋಡಿಸುತ್ತ ಕೂತೆ:
ಡಿಸೆಂಬರ್ ಇದೆ, ಹತ್ತೂಕಾಲು ಇದೆ,
ನಡುವಿನ ಅಂಕಿಯ ಮೇಲೆ ಅಂಟು.
‘ಏನು ಹುಡುಕುತ್ತಿದ್ದೀಯ?’
‘ತಾರೀಖು.’
‘ಏನು?’

ದೀಪದ ಕಡೆ ಮುಖ ತಿರುಗಿಸಿ,
ತುಟಿ ಕಾಣುವ ಹಾಗೆ,
ಇನ್ನೊಮ್ಮೆ ಹೇಳಿದೆ.