ಶನಿವಾರ ಎಂಟಕ್ಕೆ

ಕೆಮಿ ಪಟ್ಟಣದಲ್ಲಿ ಡಿಸೆಂಬರಿನ ಸೂರ್ಯ
ಹನ್ನೊಂದಕ್ಕೆ ಬಂದು ಎರಡರೊಳಗೆ ಎದ್ದುಹೋಗುತ್ತಾನೆ,
ಸಾಲ ಕೇಳಲು ಬಂದು, ಬಾಯಿ ಬಾರದೆ ಹೊರಟವನ ಹಾಗೆ.
ಆಮೇಲೆ ಇರ್ಮೆಲಿ ಪರದೆ ಎಳೆದು, ಕಾಫಿಗಿಟ್ಟು,
ಲೂಮಿಸಾರಿಯ ಬಾಗಿಲು ತೆರೆಯುತ್ತಾಳೆ.

ತೆರೆಯಲು ನಾಲ್ಕು ನಿಮಿಷ ಬೇಕು.
ಹೊಸ ಕಂಪ್ಯೂಟರಿಗೆ ಆ ಊರಿನ ದಾರಿಯೇ ಗೊತ್ತಿಲ್ಲ;
ಹಳೆಯದು ಮುದಿ ನಾಯಿಯಂತೆ ಏದುಸಿರು ಬಿಡುತ್ತ
ಮೊದಲು ಆಕಾಶ ತರುತ್ತದೆ, ಆಮೇಲೆ ನೆಲ,
ಕಡೆಗೆ ತುಂಡು ತುಂಡಾಗಿ ಚೌಕದ ಕಾರಂಜಿ.
ಮರಗಳು ಇವತ್ತಿಗೂ ಹಾಳೆಯಷ್ಟೇ ದಪ್ಪ.
ಪಕ್ಕದಿಂದ ನೋಡಿದರೆ ಇಲ್ಲ.

ಮೂಲೆಯಲ್ಲಿ ಹಳದಿ ಅಕ್ಷರ:
ಈಗ ಇಲ್ಲಿರುವವರು ೧.

ಹಾಳೂರಿಗೆ ಉಳಿದವಳೇ ಗೌಡತಿ, ಸರಿ,
ಆದರೆ ಗೌಡಿಕೆ ಮಾಡಲು ಜಗಳಕ್ಕೊಬ್ಬರಾದರೂ ಬೇಡವೇ?

ಎಣಿಕೆಗೆ ಬಾರದವನೊಬ್ಬ ಇದ್ದಾನೆ:
ನೀಲಿ ಟೊಪ್ಪಿಯ ಡಂಗುರದವನು, ಯಾರೋ ಬರೆದಿಟ್ಟ ಪ್ರೋಗ್ರಾಮು.
ಹನ್ನೊಂದು ನಿಮಿಷಕ್ಕೊಮ್ಮೆ ಕೈಯೆತ್ತಿ ಸಾರುತ್ತಾನೆ,
"ಶನಿವಾರ ಎಂಟಕ್ಕೆ ಹಿಮದುಂಡೆ ಕಾಳಗ! ಎಲ್ಲರೂ ಬನ್ನಿ!"
ಅದು ಎರಡು ಸಾವಿರದ ಮೂರರ ಶನಿವಾರ.
ಬರೆದ ಹುಡುಗ, ಸಂಬಳ ನಿಂತ ದಿನ,
ಇವನ ಬಾಯಿ ಮುಚ್ಚಿಸುವುದನ್ನು ಮರೆತು ಹೋದ.

ಇರ್ಮೆಲಿ ಬೀದಿ ಸುತ್ತುತ್ತಾಳೆ.
ಟಾರ್ಟುವಿನ ವೀವೆ ಕಟ್ಟಿದ ಮನೆ. ಒಳಗೆ ಕೇಕು,
ನಲವತ್ತು ಮೇಣದ ಬತ್ತಿ, ಒಂದೂ ಕರಗಿಲ್ಲ.
ಅದರಾಚೆ ಎಫ್ರಾಯಿನನ ಬೂಟಿನಂಗಡಿ
(ಚಿಲಿಯ ತುದಿಯಿಂದ ಬರುತ್ತಿದ್ದ, ಅಲ್ಲಿ ಬೇಸಿಗೆ ಇದ್ದಾಗಲೂ
ಇಲ್ಲಿನ ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದ).
ಬಾಗಿಲಿಗೆ ಚೀಟಿ: ಐದು ನಿಮಿಷದಲ್ಲಿ ಬರುತ್ತೇನೆ.
ವನವಾಸವಾದರೂ ಹದಿನಾಲ್ಕಕ್ಕೆ ಮುಗಿಯಿತು.
ಇದು ಹದಿನೇಳನೆಯ ವರ್ಷ.

ಧೂಳಿಲ್ಲ ಅಲ್ಲಿ.
ಅದೊಂದೇ ಅವಳಿಗೆ ತಡೆಯಲಾಗದ್ದು.
ಧೂಳಾದರೂ ಕೂತಿದ್ದರೆ
ಬಟ್ಟೆ ತಂದು ಒರೆಸಬಹುದಿತ್ತು.

ಒಳಗಿನ ಇರ್ಮೆಲಿಗೆ ಕೆಂಪು ಜಡೆ, ಮಂಡಿಯುದ್ದದ ಬೂಟು,
ಓಡಿದರೂ ದಣಿವಿಲ್ಲ.
ಅವಳನ್ನು ಓಡಿಸುವ ಬೆರಳುಗಳು ಮಾತ್ರ
ಕಾಗದದ ಕಾರ್ಖಾನೆಯ ತೂಕದ ಕೋಣೆಯಲ್ಲಿ
ಮೂವತ್ತೊಂದು ವರ್ಷ ಲಾರಿಗಳ ಲೆಕ್ಕ ಬರೆದವು,
ಗೆಣ್ಣುಗಳು ಶುಂಠಿಯಂತೆ ಊದಿಕೊಂಡಿವೆ.

ಹೋದ ಮಂಗಳವಾರ
ಹಳದಿ ಅಕ್ಷರ ೨ ಎಂದಿತು.

ಕನ್ನಡಕ ಒರೆಸಿಕೊಂಡಳು. ಎರಡೇ.
ಕಾರಂಜಿಯ ಹಿಂದೆ ಬೂದು ಮೈಯವನೊಬ್ಬ,
ಮುಖ ಆರಿಸಿಕೊಳ್ಳುವ ತಾಳ್ಮೆಯೂ ಇಲ್ಲದವನು,
ಹೆಸರಿಗೆ ಬರೀ ಸಂಖ್ಯೆ. ಗೋಡೆಗೆ ಗುದ್ದಿದ,
ಸುಮ್ಮನೆ ಮೂರು ಸಲ ಹಾರಿದ, ಕೇಕಿನೊಳಗೆ ನಡೆದುಹೋದ,
ಆಮೇಲೆ ಇವಳ ಮೂಗಿಗೆ ಮೂಗು ತಾಗುವಂತೆ ನಿಂತು
ಇಂಗ್ಲಿಷಿನಲ್ಲಿ ಕೇಳಿದ:
ನೀನು ನಿಜವಾ?

ಸುಲಭದ ಪ್ರಶ್ನೆ. ಆದರೆ
ಹೌದು ಅಂತಷ್ಟೇ ಬರೆದರೆ ಒರಟಾಗುತ್ತದಲ್ಲ, ಬಂದವರಿಗೆ.
ಬರೆದಳು, ಅಳಿಸಿದಳು. ಕೆಮಿ ಎಂದು ಬರೆದಳು, ಅಳಿಸಿದಳು.
ಒಂದು ಅಕ್ಷರ ಹುಡುಕಲು ಬೆರಳು
ಕತ್ತಲ ಮನೆಯಲ್ಲಿ ಸ್ವಿಚ್ಚು ತಡಕಿದಂತೆ ತಡಕಿತು.

"ಥೂ, ಇದೂ ಬೊಂಬೆಯೇ," ಎಂದ ಅವನು.
೧.

ಅಷ್ಟರಲ್ಲಿ ಇವಳ ಮಾತು ಹೊರಬಿದ್ದು
ಕೆಂಪು ಜಡೆಯ ಮೇಲೆ ಗುಳ್ಳೆಯಾಗಿ ನಿಂತಿತು:
ಹೌದು ಮಗು. ಎಲ್ಲ ಕಡೆ ತೋರಿಸುತ್ತೇನೆ, ಇರು.
ಡಂಗುರದವನು ಕೈಯೆತ್ತಿದ.
ಅವನಿಗೆ ಹನ್ನೊಂದು ನಿಮಿಷವಾಗಿತ್ತು, ಅಷ್ಟೇ.

ಶನಿವಾರ ಅವಳು ಏಳೂಮುಕ್ಕಾಲಿಗೇ ಹೋದಳು.
ಉಂಡೆ ಕಟ್ಟುವ ಕೀಲಿ ಯಾವುದೆಂದು ತಲೆ ಮರೆತಿತ್ತು,
ಕಿರುಬೆರಳು ಮರೆತಿರಲಿಲ್ಲ.
ಎಂಟಾಯಿತು. ಒತ್ತಿದಳು.
ಉಂಡೆ ನೀಲಿ ಟೊಪ್ಪಿಯ ಮೂಲಕ ಹಾದು
ಕಾರಂಜಿಯ ಕಲ್ಲಿಗೆ ಬಡಿಯಿತು:
ಥಪ್.

ಆ ಸದ್ದು!
ಇಪ್ಪತ್ತು ವರ್ಷ ಎಲ್ಲಿ ಅಡಗಿತ್ತೋ ಅದು,
ಅಡುಗೆಮನೆಯಲ್ಲಿ ಒಬ್ಬಳೇ ಫಕ್ಕನೆ ನಕ್ಕಳು,
ನಕ್ಕು, ಮೂಲೆಯ ಹಳದಿ ಅಕ್ಷರವನ್ನೊಮ್ಮೆ ನೋಡಿ,
ಇನ್ನೊಂದು ಕಟ್ಟತೊಡಗಿದಳು.